ಪುತ್ತೂರಿನ ಅಕ್ಷರ ಹಬ್ಬದಲ್ಲಿ ಎರಡು ದಿನ

ಮಳೆಗಾಲದಲ್ಲಿ ಶಿರಾಡಿ ಘಟ್ಟ ಇಳಿದು ಹೋಗುತ್ತೇನೆಂದರೆ ಯಾರ ಮನೆಯಲ್ಲಿ ತಾನೇ ಒಪ್ಪುತ್ತಾರೆ, ನೀವೇ ಹೇಳಿ! "ಮಕ್ಕಳ ಕತೆ ಬರೆಯೋದು ಮನೇಲಿ ಕೂತು ಮಾಡೋ ಕೆಲಸ ಅಲ್ವೇನೆ? ಅದಕ್ಕೂ ಊರೂರು ತಿರುಗಬೇಕೆ?" ಎಂದರು ನಮ್ಮವರು. ಆದರೆ ಕರೆ ಬಂದದ್ದು ಪುತ್ತೂರಿನಿಂದ. ಶಿವರಾಮ ಕಾರಂತರು 'ಬಾಲವನ' ಕಟ್ಟಿದ ಊರದು. ಮಕ್ಕಳಿಗಾಗಿ ನಾಲ್ಕಕ್ಷರ ಬರೆದವರು ಆ ಊರಿನ ಕರೆಯನ್ನು ಬೇಡವೆನ್ನಲಾದೀತೆ?

ಸೆಪ್ಟೆಂಬರ್ 8 ವಿಶ್ವ ಸಾಕ್ಷರತಾ ದಿನ. ಯುನೆಸ್ಕೊ ಸಂಸ್ಥೆ 1966ರಲ್ಲಿ ಗೊತ್ತುಮಾಡಿದ ಈ ದಿನವನ್ನು 1967ರಿಂದ ಆಚರಿಸುತ್ತಿದ್ದಾರೆ. ಅದೇ ನೆಪದಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಎರಡು ದಿನದ ಅಕ್ಷರ ಹಬ್ಬ. ಸಾರಿನ ಪುಡಿ, ಚಟ್ನಿಪುಡಿ ಮಾಡಿಟ್ಟು, ಹಾಲಿನವನಿಗೆ ಹೇಳಿ, ಹಾಸನದಲ್ಲಿ ಬೆಳಗಿನ ಬಸ್ಸು ಹತ್ತಿದೆ.

ಸಕಲೇಶಪುರ ದಾಟಿದ ಮೇಲೆ ಕಿಟಕಿಯಾಚೆ ಬರೀ ಮಂಜು. ಗುಂಡ್ಯ, ನೆಲ್ಯಾಡಿ ಕಳೆದು ಉಪ್ಪಿನಂಗಡಿಗೆ ಬಂದರೆ ನೇತ್ರಾವತಿ-ಕುಮಾರಧಾರೆಗಳ ಸಂಗಮ. ಎರಡೂ ಕೆಂಪಗೆ ತುಂಬಿ ಹರಿಯುತ್ತಿದ್ದವು. ಅಲ್ಲಿಂದ ಪುತ್ತೂರು ಹತ್ತಿರ. ದಾರಿಯುದ್ದಕ್ಕೂ ಅಡಕೆ ತೋಟ, ನಡುನಡುವೆ ರಬ್ಬರ್ ಮರ. ರೈಲಿನಲ್ಲಿ ಬರುವವರು 'ಕಬಕ ಪುತ್ತೂರು' ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಒಂದು ಮಾತು: ಮಳೆಗಾಲದಲ್ಲಿ ಹೋಗುವುದಾದರೆ ಹತ್ತಿ ಸೀರೆ ಬೇಡ. ನನ್ನದು ಎರಡು ದಿನವಾದರೂ ಒಣಗಲಿಲ್ಲ!

ಹಬ್ಬದ ಅಂಗಳ

ಶಾಲೆಯ ಜಗಲಿ ತುಂಬ ಅಕ್ಷರಗಳ ರಂಗೋಲಿ. ಒಂದು ಕಡೆ ಪುಸ್ತಕದಂಗಡಿ, ಇನ್ನೊಂದು ಕಡೆ ಪದ ಜೋಡಿಸುವ ಆಟ, ಮತ್ತೊಂದು ಕಡೆ ಮಹಿಳಾ ಮಂಡಳಿಯವರ ಪತ್ರೊಡೆ. ನೆನೆಸಿದ ಅಕ್ಕಿಗೆ ಕೊತ್ತಂಬರಿ ಬೀಜ, ಒಣಮೆಣಸು, ಹುಣಸೆಹಣ್ಣು, ಬೆಲ್ಲ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ, ಕೆಸುವಿನ ಎಲೆಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ ಎಂದು ಎಚ್ಚರಿಸಿದರು. ಬಿಸಿಬಿಸಿಯಾಗಿ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿಂದೆ. ಆಹಾ!

ನನ್ನ ಕತೆಯ ಸರದಿ ಬಂತು. ನಿಜ ಹೇಳಿಬಿಡುತ್ತೇನೆ, ಮೊದಲ ಹತ್ತು ನಿಮಿಷ ಯಾರೂ ಕೇಳಲಿಲ್ಲ. ಹೆಂಚಿನ ಮೇಲೆ ಧೋ ಎಂದು ಮಳೆ. ಪುಸ್ತಕ ಬದಿಗಿಟ್ಟು, ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಬಾಯಲ್ಲೇ ಹೇಳತೊಡಗಿದ ಮೇಲೆ ಸದ್ದಡಗಿತು.

ಕತೆ ಮುಗಿದಾಗ ಹಿಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ನನ್ನ ಪುಸ್ತಕವನ್ನು ಅಜ್ಜಿಯ ಮಡಿಲಿಗಿಟ್ಟು, "ಅಜ್ಜೀ, ಓದು" ಎಂದಳು. ಅಜ್ಜಿ ಪುಟ ತಿರುವಿ, ಚಿತ್ರ ಸವರಿ, "ಕನ್ನಡಕ ತರ್ಲಿಲ್ಲ ಮಗಾ" ಎಂದರು.

ನನ್ನೆದೆ ಧಸಕ್ಕೆಂದಿತು. ಈ ಮಾತು ನನಗೆ ಹೊಸದಲ್ಲ. ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. "ಓದಮ್ಮ" ಎಂದರೆ, "ಕಣ್ಣು ಮಂಜು ಕಣೇ, ಆಮೇಲೆ ನೋಡ್ತೀನಿ" ಎನ್ನುತ್ತಿದ್ದಳು. ಆ 'ಆಮೇಲೆ' ಬರಲೇ ಇಲ್ಲ. ಸೂಜಿಗೆ ದಾರ ಪೋಣಿಸುವಾಗ ಆ ಕಣ್ಣು ಎಂದೂ ಮಂಜಾಗಿರಲಿಲ್ಲ! ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವಳ ಮರ್ಯಾದೆ ಉಳಿಸುತ್ತಿದ್ದೇನೆಂದುಕೊಂಡು ಸುಮ್ಮನಿದ್ದೆ. ಊರ ಮಕ್ಕಳಿಗೆಲ್ಲ ಪುಸ್ತಕ ಬರೆದೆ. ಹೆತ್ತವಳಿಗೆ ಅ-ಆ ಹೇಳಿಕೊಡಲಿಲ್ಲ.

'ಇಲ್ಲ' ಎಂಬ ಮನೆ

ಅಷ್ಟರಲ್ಲಿ ಪತ್ರೊಡೆ ಬಡಿಸುತ್ತಿದ್ದ ಹೆಂಗಸೊಬ್ಬರು ಬಂದು ಅಜ್ಜಿಯ ಪಕ್ಕ ಕೂತರು. ಅಜ್ಜಿಯ ಬೆರಳು ಹಿಡಿದು ಪುಸ್ತಕದ ಹೆಸರಿನ ಮೇಲೆ ಆಡಿಸುತ್ತ, ತುಳುವಿನಲ್ಲಿ ಏನೋ ಹೇಳಿ ನಗಿಸಿದರು. ಊಟದ ಹೊತ್ತಿಗೆ ನಾನು ಅವರನ್ನು ಮಾತಿಗೆಳೆದೆ.

1990ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಕಲಿತವರಂತೆ. "ನಾನು ಬೀಡಿ ಕಟ್ತಿದ್ದೆ ಅಕ್ಕ. ದಿನಕ್ಕೆ ಎಷ್ಟು ಬೀಡಿ ಕೊಟ್ಟೆ ಅಂತ ಪುಸ್ತಕದಲ್ಲಿ ಬರೀತಿದ್ರು. ಅವರು ಬರೆದದ್ದೇ ಲೆಕ್ಕ. ಅದನ್ನು ಓದಬೇಕು ಅಂತ ನನಗೆ ಹಟ. ರಾತ್ರಿ ಮಕ್ಕಳಿಗೆ ಉಣ್ಣಲು ಬಡಿಸಿ, ಚಿಮಣಿ ದೀಪ ಹಿಡ್ಕೊಂಡು ಕ್ಲಾಸಿಗೆ ಹೋಗ್ತಿದ್ದೆ."

ಕಷ್ಟವಾಗಲಿಲ್ಲವೇ ಎಂದೆ. "ಎಂತ ಹೇಳೋದು! ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ತುಳುವಿನಲ್ಲಿ ಇಲ್ಲ್ ಅಂದ್ರೆ ಮನೆ. ಪುಸ್ತಕದಲ್ಲಿ 'ಇಲ್ಲ' ಅಂತ ಬಂದ ಕೂಡ್ಲೆ ನಾನು ಮನೆ ಅಂದೆ. ಎಲ್ಲರೂ ನಕ್ಕರು. ಮರುದಿನ ಹೋಗೋದೇ ಬೇಡ ಅನಿಸ್ತು." ಆದರೂ ಹೋದರು. ಅಲ್ಲೇ ಇರುವುದು ನೋಡಿ ಗುಟ್ಟು! ದೊಡ್ಡವರಿಗೆ ಅಕ್ಷರಕ್ಕಿಂತ ಮೊದಲು ದಾಟಬೇಕಾದದ್ದು ನಾಚಿಕೆ.

2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇ. 88 ದಾಟಿತ್ತು. ಆದರೆ ಇಡೀ ಕರ್ನಾಟಕದ ಹೆಂಗಸರಲ್ಲಿ ಓದುಬರಹ ಬಲ್ಲವರು ಶೇ. 68 ಮಾತ್ರ, ಗಂಡಸರು ಶೇ. 82. ಯಾದಗಿರಿ ಜಿಲ್ಲೆಯಲ್ಲಂತೂ ಗಂಡಸರು ಹೆಂಗಸರು ಸೇರಿಯೇ ಶೇ. 52ರ ಒಳಗೆ.

ಎರಡನೆಯ ದಿನ ಬಾಲವನ ನೋಡಿದೆ. ಮರಗಳ ನಡುವೆ ಕಾರಂತರು ಬಾಳಿದ ಮನೆ ಇದೆ. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಹೊರತಂದವರು ಅವರು. ಮಕ್ಕಳು ಆಡಿ ಕುಣಿದು ಕಲಿಯಬೇಕೆಂಬುದು ಅವರ ಹಂಬಲ. ದೊಡ್ಡವರಿಗೂ ಹಾಗೇ ಕಲಿಸಬಹುದಲ್ಲ ಎನಿಸಿತು. ಮಕ್ಕಳನ್ನು ಕರೆದೊಯ್ಯುವವರಿಗೆ ಹೇಳಿಬಿಡಿ, 1986ರಲ್ಲಿ ಶುರುವಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇರುವುದೂ ಇದೇ ಊರಿನಲ್ಲಿ!

ಮನೆಗೆ ಬಂದ ಮೇಲೆ

ನಮ್ಮ ಮನೆಕೆಲಸಕ್ಕೆ ಬರುವಾಕೆ ಹನ್ನೆರಡು ವರ್ಷದಿಂದ ನನ್ನ ಪುಸ್ತಕಗಳ ಧೂಳು ಒರೆಸುತ್ತಾಳೆ. ಅವಳ ಫೋನಿನಲ್ಲಿ ಮಗನ ಹೆಸರಿಗೆ ಗುಲಾಬಿ ಹೂವಿನ ಚಿತ್ರ, ತಂಗಿಯ ಹೆಸರಿಗೆ ಗಿಳಿ. ಅದನ್ನು ಕಂಡು ಜಾಣೆ ಎಂದು ಮೆಚ್ಚಿದ್ದೆನೇ ಹೊರತು, ಯಾಕೆ ಎಂದು ಕೇಳಿರಲಿಲ್ಲ.

"ನಂಗ್ಯಾಕಮ್ಮ ಈ ವಯಸ್ಸಲ್ಲಿ?" ಎಂದಳು ಮೊದಲು. ನಾನು ಒತ್ತಾಯ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ, "ಮಗನ ಹೆಸರು ಹೆಂಗ್ ಬರೀತಾರಮ್ಮ?" ಎಂದಳು.

ನಿಮ್ಮ ಮನೆಯಲ್ಲೂ ಕನ್ನಡಕ ಮರೆಯುವ ಅತ್ತೆಯೋ, ಅಜ್ಜಿಯೋ, ಕೆಲಸದಾಕೆಯೋ ಇರಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಅ-ಆ-ಇ-ಈಯಿಂದ ಶುರುಮಾಡಬೇಡಿ, ಅವರಿಗೆ ಬೇಕಾದ ಮಾತಿನಿಂದ ಶುರುಮಾಡಿ. ಅವರ ಹೆಸರು, ಊರ ಬಸ್ಸಿನ ಬೋರ್ಡು, ಔಷಧಿಯ ಚೀಟಿ. ಮಕ್ಕಳ ಎದುರಿಗೆ ತಿದ್ದಬೇಡಿ. ಹದಿನೈದು ವರ್ಷ ಮೀರಿದವರಿಗಾಗಿ 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವೂ ಇದೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ.

ನಮ್ಮಾಕೆ ಈಗ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನ 'ಇಲ್ಲ' ಎಂದು ಬರೆಯುತ್ತಾಳೆ. ಒತ್ತಕ್ಷರ ಒಮ್ಮೊಮ್ಮೆ ಪಕ್ಕದ ತಾರೀಖಿಗೆ ಜಾರುತ್ತದೆ. ಕಳೆದ ತಿಂಗಳು ಹಾಲಿನ ಲೆಕ್ಕದಲ್ಲಿ ನನ್ನದೇ ತಪ್ಪು ಹಿಡಿದಳು ನೋಡಿ!