ದೌಂಡದ ದಾರಿಯಲ್ಲಿ ಒಂದು ಹಳೆಯ ಪುಸ್ತಕ

ದೌಂಡ ಎಂದೊಡನೆ ನಮ್ಮವರಲ್ಲಿ ಅನೇಕರಿಗೆ ಊರಿಗಿಂತ ಮೊದಲು ಅಲ್ಲಿ ಕಾದು ಕುಳಿತ ಹೊತ್ತು ನೆನಪಾಗುತ್ತದೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಬಹುಕಾಲ ಇಲ್ಲಿ ನಿಂತು, ಎಂಜಿನನ್ನು ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಿಕೊಂಡು ಹೊರಡುತ್ತಿತ್ತು. "ಗಾಡಿ ತಿರುಗಿ ಊರಿಗೆ ಹೊರಟಿತೇ?" ಎಂದು ಮಕ್ಕಳು ಕೇಳುವುದುಂಟು. ಈಚಿನ ವರ್ಷಗಳಲ್ಲಿ ಕಾರ್ಡ್ ಲೈನ್ ಆದುದರಿಂದ ಆ ಗಾಡಿಗೆ ಈ ತಿರುಗಾಟ ತಪ್ಪಿದೆ. ಆದರೂ ಜಂಕ್ಷನ್ನಿನ ಗದ್ದಲಕ್ಕೇನೂ ಕೊರತೆಯಿಲ್ಲ.

ಪುಣೆಯ ಪೂರ್ವಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಈ ಊರಿದೆ. ಇದನ್ನು ಬೆಳೆಸಿದ್ದು ರೈಲು. ಮುಂಬಯಿಯಿಂದ ಹೊರಟ ಹಳಿ ಪುಣೆ, ದೌಂಡ, ಸೋಲಾಪುರಗಳನ್ನು ಹಾದು 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸಿನ ಹಳಿಯನ್ನು ಕೂಡಿತು. 1878ರಲ್ಲಿ ದೌಂಡದಿಂದ ಮನಮಾಡಕ್ಕೆ ಇನ್ನೊಂದು ಹಳಿ ಬಿತ್ತು. ಭೀಮೆಯೂ ಇಲ್ಲಿಂದ ಪಂಢರಪುರವನ್ನು ಮುಟ್ಟಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರೂಡಿಸಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆ. ಹಳಿಯೂ ಹೊಳೆಯೂ ಕನ್ನಡನಾಡಿನ ಕಡೆಗೇ ಸಾಗಿವೆ. ಕಥೆಗಳೂ ಒಮ್ಮೆ ಇದೇ ದಿಕ್ಕಿಗೆ ಸಾಗಿ ಬಂದವೆಂಬುದು ನನಗೆ ತಿಳಿದದ್ದು ಇಲ್ಲಿ ಪುಣೆಯ ಗಾಡಿಗಾಗಿ ಕಾಯುತ್ತಿದ್ದಾಗ.

ಆಗ ನನ್ನ ಕೈಯಲ್ಲಿದ್ದುದು ಆಂಗ್ಲ ಲೇಖಕಿ ಎ. ಎಸ್. ಬಯಟ್ ಅವರ ‘ಪೊಸೆಷನ್’ ಎಂಬ ಕಾದಂಬರಿ. 1990ರಲ್ಲಿ ಬೂಕರ್ ಬಹುಮಾನ ಪಡೆದ ಪುಸ್ತಕ. ಲಂಡನ್ನಿನ ಒಂದು ಗ್ರಂಥಾಲಯದಲ್ಲಿ ಬಡ ಸಂಶೋಧಕನೊಬ್ಬ, ಹಿಂದಿನ ಶತಮಾನದ ಕವಿಯೊಬ್ಬನ ಸ್ವಂತ ಪುಸ್ತಕವನ್ನು ತೆರೆದಾಗ ಅದರೊಳಗಿಂದ ಕಾಗದಗಳು ಹೊರಬರುತ್ತವೆ. ಅವು ಯಾವಳೋ ಹೆಣ್ಣಿಗೆ ಬರೆಯಲು ಹೊರಟು ಅರ್ಧಕ್ಕೇ ಬಿಟ್ಟ ಪತ್ರಗಳು. ಯಾರು ಆಕೆ? ಪತ್ರ ಆಕೆಗೆ ಮುಟ್ಟಿತೇ? ಅವನೂ ಇನ್ನೊಬ್ಬ ವಿದುಷಿಯೂ ಸೇರಿ ಈ ಗುಟ್ಟಿನ ಬೆನ್ನು ಹತ್ತುತ್ತಾರೆ. ಗತಿಸಿದವರ ಪ್ರೇಮವನ್ನು ಹುಡುಕುತ್ತ ಹೋದಂತೆ ಇವರಿಬ್ಬರಲ್ಲಿಯೂ ಪ್ರೇಮ ಅಂಕುರಿಸುತ್ತದೆ. ಕೊಲೆಯಿಲ್ಲ, ಪೋಲೀಸರಿಲ್ಲ, ಆದರೂ ಪತ್ತೇದಾರಿ ಕಥೆಯಂತೆ ಓದಿಸಿಕೊಂಡು ಹೋಗುತ್ತದೆ.

ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು, ನಾನು ಮನೆಗೆ ಫೋನಿನಲ್ಲಿ ಆಡಿದ ಕನ್ನಡವನ್ನು ಕೇಳಿದ್ದರೆಂದು ತೋರುತ್ತದೆ. "ಏನ ಓದಾಕ ಹತ್ತೀರಿ?" ಎಂದರು. ಇಂಡಿಯ ಕಡೆಯ ಮನೆತನ; ತಂದೆ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದುದರಿಂದ ಬೆಳೆದದ್ದೆಲ್ಲ ದೌಂಡದ ಕ್ವಾರ್ಟರ್ಸಿನಲ್ಲಿ. ನಾನು ಕಥೆ ಹೇಳಿದೆ. ಅವರು ನಕ್ಕರು. "ಇಂಥಾದ್ದು ನಮ್ಮ ಮನ್ಯಾಗೂ ಆಗೇತ್ರೀ" ಎಂದು ತಮ್ಮದನ್ನು ಹೇಳಿದರು.

ಅವರ ತಾಯಿ ಮದುವೆಯಾಗಿ ಬರುವಾಗ ತವರಿನಿಂದ ಒಂದು ಪುಸ್ತಕ ತಂದಿದ್ದರಂತೆ, ಗಳಗನಾಥರ ‘ಕನ್ನಡಿಗರ ಕರ್ಮಕಥೆ’. ಎರಡು ಕೋಣೆಯ ಮನೆ, ಅತ್ತೆ ಮಾವ, ಮೈದುನರು. ತಂದೆಗೆ ಹಗಲೂ ರಾತ್ರಿಯೂ ಪಾಳಿ. ಗಂಡ ಹೆಂಡಿರು ಎದುರುಬದುರು ಕುಳಿತು ನಾಲ್ಕು ಮಾತಾಡುವ ಕಾಲವೂ ಅದಲ್ಲ. ಮಾತೆಲ್ಲ ಆ ಪುಸ್ತಕದ ಅಂಚುಗಳಲ್ಲಿ ಪೆನ್ಸಿಲಿನಿಂದ ನಡೆಯಿತಂತೆ! ತಾಯಿ ತೀರಿಕೊಂಡ ಬಳಿಕ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಟ್ರಂಕಿನ ಪುಸ್ತಕಗಳೆಲ್ಲ ರದ್ದಿಯವನ ತಕ್ಕಡಿ ಏರಿದವು. ಬಿಚ್ಚಿಹೋಗಿದ್ದ ಮೊದಲ ಹಾಳೆಯೊಂದು ಮಾತ್ರ ಕಸ ಗುಡಿಸುವಾಗ ಸಿಕ್ಕಿತು. ಅದರ ಮೇಲೆ ತಾಯಿಯ ಕೈಬರಹ: "ಓದಿ ಮುಗಿಸಿದೆ. ನೀವೂ ಓದಿ, ಕಡೆಯ ಪುಟದಲ್ಲಿ ಬರೆಯಿರಿ."

"ಕಡೀ ಪುಟದಾಗ ಅಪ್ಪ ಏನ ಬರದಿದ್ನೋ, ಅದು ರದ್ದಿಗೆ ಹೋತು ನೋಡ್ರಿ" ಎಂದರು. ನನ್ನ ಕೈಯ ದಪ್ಪ ಕಾದಂಬರಿಯಲ್ಲಿ ಅದಕ್ಕಿಂತ ದೊಡ್ಡ ರಹಸ್ಯವೇನೂ ಇರಲಿಲ್ಲ.

ಅವರು ಹೆಸರಿಸಿದ ಪುಸ್ತಕಕ್ಕೂ ಈ ಹಳಿಗೂ ಇನ್ನೊಂದು ನಂಟಿದೆ. ಪುಣೆಯಲ್ಲಿ ಇಳಿದು ಬುಧವಾರ ಪೇಟೆಗೆ ಹೋದರೆ ಅಪ್ಪಾ ಬಳವಂತ ಚೌಕದ ಸುತ್ತ ಪುಸ್ತಕದ ಅಂಗಡಿಗಳ ಸಾಲು ಸಿಕ್ಕುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ ಇದೆ ಆನಂದಾಶ್ರಮ. ವಕೀಲರಾಗಿದ್ದ ಮಹಾದೇವ ಚಿಮಣಾಜಿ ಆಪಟೆಯವರು ಸಂಸ್ಕೃತದ ಹಸ್ತಪ್ರತಿಗಳನ್ನು ಕೂಡಿಟ್ಟು ಅಚ್ಚು ಹಾಕಿಸಲೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಅದರ ಆಡಳಿತವನ್ನು ನೋಡಿಕೊಂಡವರು ಅವರ ಅಣ್ಣನ ಮನೆಯ ಕುಡಿ, ಮರಾಠಿಯ ಹೆಸರಾಂತ ಕಾದಂಬರಿಕಾರ ಹರಿ ನಾರಾಯಣ ಆಪಟೆ (1864–1919). ಹಳೆಯ ಹಸ್ತಪ್ರತಿಗಳ ಮನೆಯನ್ನು ನಡೆಸುತ್ತಲೇ ಅವರು ಹೊಸ ಕಾದಂಬರಿಗಳನ್ನು ಬರೆದರು. ವಿಜಯನಗರದ ಪತನವನ್ನು ಕುರಿತ ‘ವಜ್ರಾಘಾತ’ ಅವುಗಳಲ್ಲೊಂದು. 1565ರ ಯುದ್ಧದ ಹಿನ್ನೆಲೆಯಲ್ಲಿ ರಾಮರಾಜನ ಗುಪ್ತ ಪ್ರೇಮವನ್ನೂ ಒಂದು ಹುಟ್ಟಿನ ಗುಟ್ಟನ್ನೂ ಹೆಣೆದ ಕಥೆ. ಚರಿತ್ರೆಗಿಂತ ಕಲ್ಪನೆಯೇ ಮಿಗಿಲು. ಅದನ್ನೇ ಗಳಗನಾಥರು ‘ಕನ್ನಡಿಗರ ಕರ್ಮಕಥೆ’ಯಾಗಿ ನಮಗೆ ಕೊಟ್ಟರು.

ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ಪುಸ್ತಕ ಬರೆದು ಸುಮ್ಮನೆ ಕೂತವರಲ್ಲ. ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದವರು. ಮರಾಠಿ ಓದುವುದೇ ದೊಡ್ಡಸ್ತಿಕೆ ಎನಿಸಿದ್ದ ಉತ್ತರ ಕರ್ನಾಟಕದ ಮನೆಗಳಲ್ಲಿ ಅವರ ಕಾದಂಬರಿಗಳಿಗಾಗಿಯೇ ಜನ ಕನ್ನಡವನ್ನು ಕೈಗೆತ್ತಿಕೊಂಡರು. ಪುಣೆಯಲ್ಲಿ ಹುಟ್ಟಿದ ಕಥೆ ಕನ್ನಡವಾಗಿ, ಇಂಡಿಯ ಹೆಣ್ಣುಮಗಳೊಬ್ಬಳ ಟ್ರಂಕಿನಲ್ಲಿ ಕುಳಿತು, ದೌಂಡದವರೆಗೆ ಮರಳಿ ಬಂದಿತ್ತು!

ಹಳೆಯ ಕಾಗದವನ್ನು ಉಳಿಸಲು ಎಷ್ಟು ತಾಳ್ಮೆ ಬೇಕು, ಕಳೆಯಲು ಎಷ್ಟು ಕಡಿಮೆ ಹೊತ್ತು ಸಾಕು ಎಂಬುದಕ್ಕೂ ಪುಣೆಯೇ ಸಾಕ್ಷಿ. 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು ನಾಡಿನ ನಾನಾ ಕಡೆಯ ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ ಮಹಾಭಾರತದ ಶುದ್ಧ ಪಾಠವನ್ನು ಹುಡುಕಿದರು. 1919ರಲ್ಲಿ ಹಿಡಿದ ಕೆಲಸ ಮುಗಿದದ್ದು 1966ರಲ್ಲಿ. ಅದೇ ಮಂದಿರಕ್ಕೆ 2004ರ ಜನವರಿ 5ರಂದು ಗುಂಪೊಂದು ನುಗ್ಗಿ, ಕಪಾಟುಗಳನ್ನು ಕೆಡವಿ, ಪುಸ್ತಕ ಹಸ್ತಪ್ರತಿಗಳನ್ನು ಚೆಲ್ಲಾಪಿಲ್ಲಿ ಮಾಡಿತು. ಆ ಹಾನಿಯ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ನಮ್ಮ ಮನೆಗಳಲ್ಲಿ ಆಗುವ ಹಾನಿಗೆ ಸದ್ದಿಲ್ಲ. ತಕ್ಕಡಿಯ ಕಿರುಗುಟ್ಟುವಿಕೆ ಅಷ್ಟೇ.

ಹೊರನಾಡಿನ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಮಾತು. ಅಜ್ಜಿಯ ಪುಸ್ತಕವನ್ನು ಮೊಮ್ಮಕ್ಕಳು ಓದಲಾರರು. ಓದಲಾರದ್ದು ಬೇಗ ಅಡಚಣೆಯಾಗುತ್ತದೆ. ಅಂಥ ಪುಸ್ತಕ ಯಾವ ಊರಿನದು, ಯಾರ ಕೈಯಿಂದ ಯಾರಿಗೆ ಬಂದದ್ದು ಎಂಬುದನ್ನು, ತಿಳಿದವರು ಇರುವಾಗಲೇ ಮಕ್ಕಳ ಕೈಯಿಂದ ಒಂದು ಚೀಟಿಯಲ್ಲಿ ಬರೆಯಿಸಿ ಒಳಗಿಡಿರಿ. ಮಕ್ಕಳಿಗೆ ಅಷ್ಟಾದರೂ ಕನ್ನಡ ಬರವಣಿಗೆ ಆದೀತು. ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸಬೇಡಿರಿ. ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಇಡಲು ಸ್ಥಳವಿಲ್ಲದಿದ್ದರೆ ಯಾವುದಾದರೊಂದು ಕನ್ನಡ ಸಂಘದ ವಾಚನಾಲಯವನ್ನು ಕೇಳಿರಿ. ಅಲ್ಲಿಯೂ ಬೇಡವೆಂದರೆ ರದ್ದಿಯವನನ್ನು ಕರೆಯಿರಿ, ತಪ್ಪಿಲ್ಲ. ಆದರೆ ಅವನು ತಕ್ಕಡಿ ಎತ್ತುವ ಮೊದಲು ಪ್ರತಿಯೊಂದು ಪುಸ್ತಕದ ಮೊದಲ ಪುಟವನ್ನೂ ಕಡೆಯ ಪುಟವನ್ನೂ ತಿರುವಿ ನೋಡಿರಿ. ಅಲ್ಲಿ ಯಾರೋ ಯಾರಿಗೋ ಉತ್ತರ ಬರೆದಿರಬಹುದು.