ಉಸಿರಿನ ಜಮಾಖರ್ಚು

ನಾನು ಕಚೇರಿಗೆ ಹೋಗುವ ಬಸ್ಸು ದಿನವೂ ಚೆನ್ನೈಯ ಪಳ್ಳಿಕರಣೆಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯನ್ನು ಹಾದುಹೋಗುತ್ತದೆ. ಮೂವರನ್ನು 6000 ಮೀಟರು ಆಳಕ್ಕೆ ಇಳಿಸಲೆಂದು ಅಲ್ಲಿಯವರು ರೂಪಿಸಿರುವ 'ಮತ್ಸ್ಯ 6000' ಎಂಬ ಪುಟ್ಟ ಜಲಾಂತರ್ಗಾಮಿಯ ವಿಷಯ ಪತ್ರಿಕೆಯಲ್ಲಿ ಓದಿದೆ. ಜನ ಕೂರುವ ಗೋಳದ ಒಳ ಅಡ್ಡಳತೆ 2.1 ಮೀಟರು. ಕೆಲಸದ ಹೊತ್ತು 12 ಗಂಟೆ. ಆಪತ್ತು ಬಂದರೆ 96 ಗಂಟೆಗಾಗುವಷ್ಟು ಉಸಿರಿನ ಏರ್ಪಾಡು. ಲೆಕ್ಕಪತ್ರದ ಗುಮಾಸ್ತನಾದ ನನ್ನ ಕಣ್ಣು ಆ 96ರ ಮೇಲೆಯೇ ನಿಂತಿತು. ಉಸಿರನ್ನೂ ಹೀಗೆ ಅಳೆದು ಕೊಡಬಹುದೇ?

ಕೊಡಬಹುದು, ಅದೂ ಒಂದು ಜಮಾಖರ್ಚೇ. ಸುಮ್ಮನೆ ಮಲಗಿದವನಿಗೂ ಗಂಟೆಗೆ ಸುಮಾರು 15 ಲೀಟರು ಆಮ್ಲಜನಕ ಬೇಕು. ಅದನ್ನು ಸಿಲಿಂಡರಿನಿಂದ ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ. ಆದರೆ ಮುಚ್ಚಿದ ಗೋಳದಲ್ಲಿ ಮೊದಲು ಕಾಡುವುದು ಆಮ್ಲಜನಕದ ಕೊರತೆಯಲ್ಲ, ನಾವೇ ಹೊರಬಿಟ್ಟ ಇಂಗಾಲದ ಡೈಆಕ್ಸೈಡು. ಬಯಲ ಗಾಳಿಯಲ್ಲಿ ಶೇಕಡಾ 0.04ರಷ್ಟಿರುವ ಅದು ಶೇಕಡಾ 4ರ ಹತ್ತಿರ ಬಂದರೆ ತಲೆನೋವು, ಏದುಸಿರು. 10ಕ್ಕೇರಿದರೆ ಎಚ್ಚರವೇ ತಪ್ಪೀತು. ಆದ್ದರಿಂದ ಗಾಳಿಯನ್ನು ಫ್ಯಾನಿನಿಂದ ಲಿಥಿಯಂ ಹೈಡ್ರಾಕ್ಸೈಡಿನ ಮೂಲಕ ಹಾಯಿಸಿ ಅದನ್ನು ಹೀರಿಸುತ್ತಾರೆ. ಹೊರಗೆ ಪ್ರತಿ 10 ಮೀಟರಿಗೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತಿದ್ದರೂ, ಗಟ್ಟಿ ಗೋಳದೊಳಗೆ ನೆಲದ ಮೇಲಿನಷ್ಟೇ ಒತ್ತಡ. ತಾಪ ಬದಲಾಗದೆ ಒಳಗಿನ ಬ್ಯಾರೋಮೀಟರು ಇಳಿದರೆ, ಖರ್ಚಾದಷ್ಟು ಆಮ್ಲಜನಕ ಜಮೆಯಾಗಿಲ್ಲವೆಂದು ತಿಳಿಯಬೇಕು. ಏರಿದರೆ ಹೆಚ್ಚು ಬಿಟ್ಟಂತೆ. ಆಗ ಬೆಂಕಿಯ ಭಯ.

1973ರಲ್ಲಿ ಈ ಲೆಕ್ಕ ಇಬ್ಬರ ಪ್ರಾಣದ ಲೆಕ್ಕವಾಯಿತು. ಐರ್ಲೆಂಡಿನ ನೈರುತ್ಯಕ್ಕೆ, ಅಟ್ಲಾಂಟಿಕ್ಕಿನ ತಳದಲ್ಲಿ ಟೆಲಿಫೋನ್ ಕೇಬಲ್ ಹೂಳುತ್ತಿದ್ದ 'ಪೈಸೀಸ್ 3' ಆಗಸ್ಟ್ 29ರಂದು ಮೇಲಕ್ಕೆ ಬಂದಿತ್ತು. ಹಡಗಿಗೆ ಎಳೆದುಕೊಳ್ಳುವಾಗ ಅದರ ಹಿಂಭಾಗಕ್ಕೆ ನೀರು ನುಗ್ಗಿ, 480 ಮೀಟರು ಆಳಕ್ಕೆ ಮುಳುಗಿತು. ಒಳಗೆ ರೋಜರ್ ಚ್ಯಾಪ್‌ಮನ್, ರೋಜರ್ ಮ್ಯಾಲಿನ್ಸನ್ ಎಂಬ ಇಬ್ಬರು ಬ್ರಿಟಿಷರು. ಆರಡಿಯ ಗೋಳ, ಒಂದು ಸ್ಯಾಂಡ್‌ವಿಚ್, ಒಂದು ಡಬ್ಬಿ ಲೆಮನೇಡ್. ಹೊರಡುವಾಗ ಇದ್ದದ್ದು 72 ಗಂಟೆಗಳ ಉಸಿರು. ಅದರಲ್ಲಿ ಎಂಟು ಗಂಟೆ ಆಗಲೇ ಖರ್ಚಾಗಿತ್ತು. ಇಬ್ಬರೂ ಅಲುಗಾಡದೆ ಮಲಗಿದರು. ಮಾತನ್ನು ಬಹುಮಟ್ಟಿಗೆ ಬಿಟ್ಟು, ನಾನಿದ್ದೇನೆ ಎನ್ನಲು ಒಬ್ಬರ ಕೈಯನ್ನೊಬ್ಬರು ಅದುಮಿದರು. ನೆರವಿಗೆ ಬಂದವರು ಹಗ್ಗ ಸಿಕ್ಕಿಸಿ ಸೆಪ್ಟೆಂಬರ್ 1ರಂದು ಅವರನ್ನು ಮೇಲೆತ್ತಿದಾಗ 76 ಗಂಟೆ ಕಳೆದಿತ್ತು. ಸಿಲಿಂಡರಿನಲ್ಲಿ ಉಳಿದದ್ದು 12 ನಿಮಿಷದ ಆಮ್ಲಜನಕ!

ಒಬ್ಬನು ಗಾಬರಿಯಿಂದ ಏದುಸಿರು ಬಿಟ್ಟಿದ್ದರೆ ಆ ಖರ್ಚು ಇಬ್ಬರ ಲೆಕ್ಕಕ್ಕೂ ಬೀಳುತ್ತಿತ್ತು. ಪರಊರಿನ ಎರಡು ಕೋಣೆಯ ಮನೆಗಳಲ್ಲಿ ಬಾಳುವ ನಮಗೆ ಇದು ಅರ್ಥವಾಗದ ಮಾತಲ್ಲ. ನಮ್ಮ ತಂದೆಯವರಿಗೆ ಉಬ್ಬಸ. ಊರಿನ ಜಗಲಿ ಬಿಟ್ಟು ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ರಾತ್ರಿ ಕೆಮ್ಮು ಬಂದರೆ ಮೊಮ್ಮಗಳ ನಿದ್ದೆ ಕೆಡದಿರಲೆಂದು ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಎದ್ದುಹೋಗುತ್ತಾರೆ. ಆಕೆಯೋ, ತಾತನ ಕಣ್ಣಿಗೆ ದೀಪ ಬೀಳಬಾರದೆಂದು ಅಡಿಗೆಮನೆಯಲ್ಲಿ ಕೂತು ಪರೀಕ್ಷೆಗೆ ಓದುತ್ತಾಳೆ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ.

ಒಂದು ಭಾನುವಾರ ತಂದೆಯವರಿಗೆ ಈ ಕಥೆಯನ್ನೆಲ್ಲ ಹೇಳಿ, "ಒಬ್ಬನೇ ಇದ್ದಿದ್ದರೆ ಅಷ್ಟೇ ಗಾಳಿ ಇಮ್ಮಡಿ ಹೊತ್ತು ಬರುತ್ತಿತ್ತು" ಎಂದು ಲೆಕ್ಕ ಒಪ್ಪಿಸಿದೆ.

ಅವರು ನಕ್ಕು, "ಬರುತ್ತಿತ್ತಪ್ಪಾ, ಕೈ ಅದುಮುವವರು ಯಾರು?" ಎಂದರು.