ಏದುಸಿರು

ನಲವತ್ತು ದಾಟಿದವರು ಮೆಟ್ಟಿಲೇರಿ ಏದುಸಿರು ಬಿಟ್ಟರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ನನ್ನ ಅಕ್ಕ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಲೀಲೆಯಿಂದ ಹತ್ತುತ್ತಿದ್ದವಳು; 46ರ ವಯಸ್ಸಿನಲ್ಲಿ ಒಂದು ಕೊಡ ನೀರು ತಂದರೂ ಬಾಗಿಲಿಗೊರಗಿ ನಿಲ್ಲತೊಡಗಿದಳು. ಉಬ್ಬಸವೆಂದರು ಕೆಲವರು, ಹೃದ್ರೋಗವೆಂದರು ಹಲವರು. ವೈದ್ಯರು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ರಕ್ತಪರೀಕ್ಷೆ ಮಾಡಿಸಿದರು. ಹೆಂಗಸರಿಗೆ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಆದರೂ ಇರಬೇಕಾದ ಹಿಮೋಗ್ಲೋಬಿನ್ ಅಕ್ಕನಲ್ಲಿ 7 ಗ್ರಾಂ ಮಾತ್ರ! ಪ್ರಾಣವಾಯುವನ್ನು ಹೊರುವ ರಕ್ತವೇ ಬಡವಾದರೆ ಶ್ವಾಸಕೋಶ ಎಷ್ಟು ಗಾಳಿ ಸೆಳೆದರೇನು? ತಿಂಗಳ ಸ್ರಾವ ಮಿತಿಮೀರಿದ್ದುದನ್ನು ಆಕೆ ಎರಡು ವರ್ಷ ಯಾರೊಡನೆಯೂ ಆಡಿರಲಿಲ್ಲ.

ಎಲ್ಲರ ಏದುಸಿರಿಗೂ ಇದೇ ಮೂಲವಲ್ಲ; ಎದೆ ಬಿಗಿದು ಬೆವರಿದರೆ, ಮಲಗಿದೊಡನೆ ಉಸಿರು ಕಟ್ಟಿದರೆ, ಹೃದಯವನ್ನೇ ಶಂಕಿಸಿ ಆಸ್ಪತ್ರೆಗೆ ಧಾವಿಸಬೇಕು. ಅಕ್ಕನಿಗೀಗ ಕಬ್ಬಿಣಾಂಶದ ಮಾತ್ರೆ. ಅದರ ಹಿಂದೆಮುಂದೆ ಕಾಫಿ ಕೂಡದೆಂಬ ಕಟ್ಟಳೆಯೇ ಆಕೆಗೆ ಕಾಯಿಲೆಗಿಂತ ಘೋರವಾಗಿದೆ.